ಹೊಗೆಕೊಳವೆಯ ಅತಿಸೆಳೆತವೂ ಸೌದೆಯ ನಷ್ಟವೂ

ಹೊಗೆಕೊಳವೆಯುಳ್ಳ ಒಲೆಯನ್ನು ಕಟ್ಟಿಸಿಕೊಂಡ ಮನೆಗಳಲ್ಲಿ ಕೆಲವು ಕಾಲ ಕಳೆದ ಮೇಲೆ ಒಂದು ದೂರು ಕೇಳಿಬರುವುದುಂಟು. ಅಡಿಗೆಮನೆಯಲ್ಲಿ ಹೊಗೆಯಿಲ್ಲವಾದುದು ನಿಜವೇ. ಆದರೆ ಹೊಸ ಒಲೆಯು ಹಳೆಯದಕ್ಕಿಂತಲೂ ಹೆಚ್ಚಾಗಿ ಸೌದೆಯನ್ನು ನುಂಗುತ್ತದೆಂದೂ, ಉರಿಯೆಲ್ಲವೂ ಹಿಂದಕ್ಕೆ ಓಡಿಹೋಗಿ ಮುಂದಿನ ಪಾತ್ರೆಗೆ ತಗಲುವುದಿಲ್ಲವೆಂದೂ ಮನೆಯ ಹೆಂಗಸರು ಹೇಳುತ್ತಾರೆ. ಈ ದೂರನ್ನು ಅಲ್ಲಗಳೆಯಲಾಗದು. ಆದರೆ ಇದರಿಂದ ಅನೇಕ ಯಜಮಾನರು ಮಾಡಿಕೊಳ್ಳುವ ತೀರ್ಮಾನವು ಮಾತ್ರ ಸರಿಯಾದುದಲ್ಲ. ದೋಷವು ಕೊಳವೆಯದೆಂದು ಭಾವಿಸಿ ಅದನ್ನು ಕಿತ್ತುಹಾಕಿಸಿ, ಮಾಳಿಗೆಯ ರಂಧ್ರವನ್ನು ಮುಚ್ಚಿಸಿಬಿಡುತ್ತಾರೆ. ಹೋಗಿದ್ದ ಹೊಗೆಯು ಮನೆಗೆ ಹಿಂತಿರುಗುತ್ತದೆ. ಮನೆಯೊಳಗಣ ಹೊಗೆಯಿಂದುಂಟಾಗುವ ರೋಗಗಳಿಗೆ 2020ನೆಯ ವರ್ಷವೊಂದರಲ್ಲಿಯೇ ಲೋಕದಲ್ಲಿ ಸುಮಾರು 32 ಲಕ್ಷ ಜನರು ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಸೌದೆಯನ್ನು ಉಳಿಸಲೆಂದು ಇಷ್ಟು ದೊಡ್ಡ ಕೇಡನ್ನು ಮನೆಗೆ ಬರಮಾಡಿಕೊಳ್ಳಬೇಕಾದ ಅಗತ್ಯವಿಲ್ಲ. ಒಂದು ಗೇಣುದ್ದದ ಕಬ್ಬಿಣದ ತಗಡಿನಿಂದ ಈ ದೂರನ್ನು ಬಹುಮಟ್ಟಿಗೆ ನಿವಾರಿಸಬಹುದು.

ಹೊಗೆಯಿಲ್ಲದ ಒಲೆಯು ಈ ದೇಶಕ್ಕೆ ಹೊಸದಲ್ಲ. 1953ರಲ್ಲಿಯೇ ಹೈದರಾಬಾದಿನ ಎಸ್. ಪಿ. ರಾಜು ಎಂಬುವರು ಈ ವಿಷಯವಾಗಿ ಪುಸ್ತಕವನ್ನು ಪ್ರಕಟಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ 'ಅಸ್ತ್ರ' ವಿಭಾಗದವರು ರೂಪಿಸಿದ ಮೂರು ಪಾತ್ರೆಗಳ ಒಲೆಯು ಕರ್ನಾಟಕದ ಹಳ್ಳಿಗಳಲ್ಲಿ 'ಅಸ್ತ್ರ ಒಲೆ' ಎಂದೇ ಹೆಸರಾಯಿತು. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ಕಾರ್ಯಕ್ರಮವು 2002ರಲ್ಲಿ ನಿಲ್ಲುವ ವೇಳೆಗೆ ದೇಶದಲ್ಲಿ ಮೂರು ಕೋಟಿಗೂ ಮೀರಿದ ಒಲೆಗಳು ಕಟ್ಟಲ್ಪಟ್ಟಿದ್ದವು. ಅವುಗಳಲ್ಲಿ ಅನೇಕವು ಬೇಗನೆ ಮೂಲೆಗುಂಪಾದವು. ಇದಕ್ಕೆ ಕಾರಣಗಳು ಹಲವು. ಒಲೆಯನ್ನು ಕಟ್ಟಿಕೊಟ್ಟವರು ಅದರ ಗಾಳಿಯನ್ನು ಹತೋಟಿಯಲ್ಲಿಡುವ ಬಗೆಯನ್ನು ಮನೆಯವರಿಗೆ ತಿಳಿಸದೆ ಹೋದುದೂ ಅವುಗಳಲ್ಲಿ ಒಂದೆಂದು ಹೇಳಬೇಕು. ಈಗ ಅನಿಲದ ಒಲೆಯು ಬಹುಮಂದಿಯ ಮನೆಗೆ ಬಂದಿರುವುದಾದರೂ, ಬಚ್ಚಲ ಹಂಡೆಗೆ, ದನಗಳ ಹುರುಳಿಗೆ, ಮದುವೆ ಮುಂಜಿಗಳ ಅಡಿಗೆಗೆ ಸೌದೆಯೇ ಆಧಾರವಾಗಿರುವ ಮನೆಗಳು ಇನ್ನೂ ಎಷ್ಟೋ ಇವೆ.

ಕೊಳವೆಯು ಗಾಳಿಯನ್ನು ಸೆಳೆಯುವ ಕ್ರಮವು ಸುಲಭವಾಗಿ ತಿಳಿಯತಕ್ಕದ್ದು. ಕಾದ ಹೊಗೆಯು ಹಗುರ. ಹೊರಗಣ ತಣ್ಣನೆಯ ಗಾಳಿಯು ಭಾರ. ಭಾರವಾದುದು ಒಲೆಯ ಬಾಯಿಯಿಂದ ನುಗ್ಗಿ ಹಗುರವಾದುದನ್ನು ಮೇಲಕ್ಕೆ ತಳ್ಳುತ್ತದೆ. 10 ಅಡಿ ಎತ್ತರದ ಕೊಳವೆಯಲ್ಲಿ ಹೊಗೆಯ ಶಾಖವು 175 ಡಿಗ್ರಿ ಸೆಲ್ಸಿಯಸ್ ಇರುವಾಗ ಈ ತಳ್ಳುವ ಒತ್ತಡವು ಕೇವಲ ಒಂದು ಮಿಲಿಮೀಟರು ನೀರಿನ ಒತ್ತಡಕ್ಕೆ ಸರಿಸುಮಾರಾಗುವುದು. ಇಷ್ಟು ಅಲ್ಪವಾದ ಬಲವೇ ಒಲೆಯನ್ನು ನಡೆಯಿಸುತ್ತದೆ. ಆದರೆ ಇದರಲ್ಲೊಂದು ತೊಡಕುಂಟು. ಉರಿ ಹೆಚ್ಚಿದಷ್ಟೂ ಕೊಳವೆ ಕಾಯುವುದು. ಕೊಳವೆ ಕಾದಷ್ಟೂ ಸೆಳೆತ ಹೆಚ್ಚುವುದು. ಸೆಳೆತ ಹೆಚ್ಚಿದಷ್ಟೂ ಉರಿಯು ಇನ್ನೂ ಏರುವುದು. ತಡೆಯುವ ಸಾಧನವಿಲ್ಲದಿದ್ದರೆ ಒಲೆಯು ತನ್ನಷ್ಟಕ್ಕೆ ತಾನೇ ಹದಕ್ಕೆ ಬರಲಾರದು. ಧನುರ್ಮಾಸದ ಮುಂಜಾನೆಗಳಲ್ಲಿ ಹೊರಗಣ ಗಾಳಿಯು ತಣ್ಣಗಿರುವುದರಿಂದಲೂ, ಆಷಾಢದಲ್ಲಿ ಮಾಡಿನ ಮೇಲೆ ಗಾಳಿಯು ಬಿರುಸಾಗಿ ಬೀಸುವುದರಿಂದಲೂ ಸೆಳೆತವು ಮತ್ತಷ್ಟು ಬಲವಾಗುವುದು.

ಇದರಿಂದಾಗುವ ನಷ್ಟವನ್ನು ಲೆಕ್ಕದಿಂದಲೇ ಕಾಣಬಹುದು. ಒಂದು ಕಿಲೋಗ್ರಾಂ ಒಣಸೌದೆಯು ಪೂರ್ಣವಾಗಿ ಉರಿಯಲು ಸುಮಾರು 6 ಕಿಲೋಗ್ರಾಂ ಗಾಳಿಯು ಬೇಕು. ರೂಢಿಯಲ್ಲಿ ಇದರ ಒಂದೂವರೆಯಷ್ಟನ್ನು ಕೊಟ್ಟರೆ ಉರಿಯು ಚೆನ್ನಾಗಿರುವುದು. ಹೊಗೆಯು ಹೊರಗಿನದಕ್ಕಿಂತ 250 ಡಿಗ್ರಿ ಹೆಚ್ಚು ಕಾದು ಹೊರಡುವುದೆಂದಿಟ್ಟುಕೊಂಡರೆ, ಆಗ ಸೌದೆಯ ಶಾಖದ ಆರರಲ್ಲೊಂದು ಪಾಲು ಕೊಳವೆಯಿಂದ ಹೋಗುವುದು. ಅತಿಸೆಳೆತದಿಂದ ಗಾಳಿಯು ಮೂರರಷ್ಟಾದರೆ, ಅದೇ ಶಾಖದಲ್ಲಿ ಮೂರರಲ್ಲೊಂದು ಪಾಲು ಹೊರಟುಹೋಗುವುದು. ಹೀಗೆ ಮೂರು ಹೊರೆಯಲ್ಲಿ ಒಂದು ಹೊರೆ ಸೌದೆಯು ಕೊಳವೆಯ ಪಾಲಾದಂತಾಯಿತು.

ಇಂತಹ ಸಂದರ್ಭದಲ್ಲಿ ಕೊಳವೆಯನ್ನು ಗಿಡ್ಡಮಾಡಿಸುವುದು ಸಾಮಾನ್ಯವಾದ ಉಪಾಯ. ಇದು ಕೇವಲ ಅರೆಮದ್ದು. ಎತ್ತರವನ್ನು ಕಡಿಮೆಮಾಡಿದ ಪ್ರಮಾಣದಲ್ಲಿ ಗಾಳಿಯು ಕಡಿಮೆಯಾಗುವುದಿಲ್ಲ, ಆ ಪ್ರಮಾಣದ ವರ್ಗಮೂಲದಂತೆ ಮಾತ್ರ ಇಳಿಯುವುದು. 12 ಅಡಿಯ ಕೊಳವೆಯನ್ನು 9 ಅಡಿಗೆ ಇಳಿಸಿದರೆ ಗಾಳಿಯು ಎಂಟರಲ್ಲೊಂದು ಪಾಲಿನಷ್ಟು ತಗ್ಗೀತು, ಅಷ್ಟೆ. ಅದಲ್ಲದೆ ಕೊಳವೆಯ ತುದಿಯು ಮಾಡಿನ ನೆತ್ತಿಗಿಂತ ಕೆಳಗಾದರೆ ಬೀಸುವ ಗಾಳಿಯು ಹೊಗೆಯನ್ನು ಮತ್ತೆ ಒಲೆಗೇ ತಳ್ಳುವುದು. ಕೊಳವೆಯ ಅಗಲವು ಎತ್ತರಕ್ಕಿಂತ ಹೆಚ್ಚಿನ ಪರಿಣಾಮವುಳ್ಳದ್ದು. ಪೇಟೆಯಲ್ಲಿ 3 ಅಂಗುಲದ ಕೊಳವೆಯು ದೊರೆಯಲಿಲ್ಲವೆಂದು 4 ಅಂಗುಲದ್ದನ್ನು ತಂದು ನಿಲ್ಲಿಸಿದರೆ ದಾರಿಯು ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಅಗಲವಾಯಿತೆಂದು ತಿಳಿಯಬೇಕು. ಅದನ್ನು ತಂದವರು ಸಾಮಾನ್ಯವಾಗಿ ಅಡಿಗೆ ಮಾಡತಕ್ಕವರಲ್ಲ.

ಆದುದರಿಂದ ಕೊಳವೆಯನ್ನು ಹಾಗೆಯೇ ಬಿಟ್ಟು, ಅದರ ಬುಡದಲ್ಲಿ ಅಡ್ಡತಗಡೊಂದನ್ನು ಇಡಿಸುವುದೇ ಉಚಿತವಾದ ಮಾರ್ಗ. ಒಲೆಯಿಂದ ಹೊಗೆಯು ಕೊಳವೆಗೆ ಸೇರುವ ಮಣ್ಣಿನ ಅಥವಾ ಇಟ್ಟಿಗೆಯ ಕಟ್ಟಡದಲ್ಲಿ ಒಂದು ಸೀಳುಗಂಡಿಯನ್ನು ಬಿಟ್ಟು, ತಗಡನ್ನು ಹೊರಗಿನಿಂದ ಒಳಕ್ಕೂ ಹೊರಕ್ಕೂ ಸರಿಸುವಂತೆ ಮಾಡಿಸತಕ್ಕದ್ದು. ಕಲ್ನಾರು ಸಿಮೆಂಟಿನ ಕೊಳವೆಯನ್ನೇ ಕೊಯ್ದು ಗಂಡಿ ಮಾಡಿಸಬಾರದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದು. ಎಣ್ಣೆಡಬ್ಬಿಯ ತೆಳುತಗಡು ಬೇಗ ಸುಟ್ಟು ತೂತಾಗುವುದರಿಂದ, ಕಮ್ಮಾರನಿಂದ ದಪ್ಪ ತಗಡನ್ನೇ ಕತ್ತರಿಸಿ ತರಿಸುವುದು ಮೇಲು. ಇದರ ಒಂದು ಮೂಲೆಯನ್ನು, ಪೂರ್ತಿ ದೂಡಿದಾಗಲೂ ದಾರಿಯ ನಾಲ್ಕರಲ್ಲೊಂದು ಪಾಲು ತೆರೆದಿರುವಂತೆ, ಕತ್ತರಿಸಿಹಾಕಿಸಬೇಕು. ಈ ಮಾತನ್ನು ಯಾರೂ ಲಘುವಾಗಿ ಎಣಿಸಕೂಡದು. ಕೆಂಡವಿರುವಾಗ ದಾರಿಯನ್ನು ಸಂಪೂರ್ಣವಾಗಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವು ಕೋಣೆಯೊಳಗೆ ಸೇರುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮೇಲಕ್ಕೇಳದಿರಬಹುದು.

ಉಪಯೋಗಿಸುವ ಕ್ರಮವು ಹೀಗೆ. ಒಲೆ ಹಚ್ಚುವಾಗ ಕೊಳವೆಯು ತಣ್ಣಗಿದ್ದು ಸೆಳೆತವೇ ಇರುವುದಿಲ್ಲವಾದ್ದರಿಂದ ತಗಡನ್ನು ಪೂರ್ತಿ ಹೊರಕ್ಕೆ ಎಳೆದಿರಬೇಕು. ಸೌದೆಯು ಚೆನ್ನಾಗಿ ಹತ್ತಿಕೊಂಡ ಮೇಲೆ ಸ್ವಲ್ಪಸ್ವಲ್ಪವಾಗಿ ಒಳಕ್ಕೆ ದೂಡುತ್ತ, ಒಲೆಯ ಬಾಯಲ್ಲಿ ಹೊಗೆಯು ಹೊರಕ್ಕೆ ಇಣುಕತೊಡಗಿದ ಕೂಡಲೆ ಒಂದು ಬೆರಳಿನಷ್ಟು ಹಿಂದಕ್ಕೆ ಎಳೆದು ನಿಲ್ಲಿಸಬೇಕು. ಅದೇ ಹದ. ಹೊಸ ಸೌದೆಯನ್ನಿಡುವಾಗ ಮತ್ತೆ ತೆರೆಯತಕ್ಕದ್ದು. ಒಲೆಯು ಗುಂಯ್‌ಗುಡುತ್ತಿದ್ದರೆ, ಜ್ವಾಲೆಯು ಮುಂದಿನ ಪಾತ್ರೆಯ ತಳವನ್ನು ಬಿಟ್ಟು ಹಿಂದಕ್ಕೆ ಬಾಗಿದ್ದರೆ, ಕೊಳವೆಯ ಬುಡಕ್ಕೆ ಚಿಮುಕಿಸಿದ ನೀರು ಚುರ್ರೆಂದು ಆರಿಹೋದರೆ ಸೆಳೆತವು ಮಿತಿಮೀರಿದೆಯೆಂದರ್ಥ. ಪಾತ್ರೆಗೂ ಒಲೆಯ ಕಂಠಕ್ಕೂ ನಡುವೆ ಸಂದು ಇರುವ ಕಡೆ ತಗಡೊಂದರಿಂದಲೇ ಪ್ರಯೋಜನವಾಗದು. ಆ ಸಂದಿನಿಂದ ನುಗ್ಗುವ ತಣ್ಣನೆಯ ಗಾಳಿಯು ಪಾತ್ರೆಯನ್ನೇ ಆರಿಸುವುದು. ಮನೆಯಲ್ಲಿ ನಿತ್ಯವೂ ಇಡುವ ಪಾತ್ರೆಗಳ ತಳಕ್ಕೆ ಸರಿಯಾಗಿ ಮಣ್ಣಿನ ಕಂಠವನ್ನು ಮೆತ್ತಿಸಬೇಕು, ಖಾಲಿಯಿರುವ ಕೋಡೊಲೆಯನ್ನು ಮುಚ್ಚಿಡಬೇಕು.

ಸೋಗೆ ಅಥವಾ ಹುಲ್ಲು ಹೊದಿಸಿದ ಮನೆಗಳಲ್ಲಿ ಇದು ಸೌದೆಯ ಲೆಕ್ಕವಷ್ಟೇ ಅಲ್ಲ. ಅತಿಸೆಳೆತವುಳ್ಳ ಕೊಳವೆಯು ಕಿಡಿಗಳನ್ನೂ ಮೇಲಕ್ಕೆ ಒಯ್ಯುವುದು. ಒಳಗೆ ಕಟ್ಟಿದ ಮಸಿಯು ಹತ್ತಿಕೊಂಡರಂತೂ ಕೊಳವೆಯ ತುದಿಯಲ್ಲಿಯೇ ಬೆಂಕಿಯು ಕಾಣುವುದು. ಬೇಸಿಗೆಯಲ್ಲಿ ಒಂದು ಮಾಡಿಗೆ ಬಿದ್ದ ಕಿಡಿಯು ಕೇರಿಯನ್ನೆಲ್ಲ ಹರಡಬಲ್ಲದು. ಮಸಿಯನ್ನು ತಿಂಗಳಿಗೊಮ್ಮೆಯಾದರೂ ತೆಗೆಯಿಸುವ ಪದ್ಧತಿಯನ್ನು ಊರಿನ ಮುಖಂಡರು ತಮ್ಮ ಮನೆಯಿಂದಲೇ ಪ್ರಾರಂಭಿಸಿದರೆ ಉಳಿದವರು ಅನುಸರಿಸುವರು.

ಒಲೆಯ ಕೆಲಸವನ್ನು ಗುತ್ತಿಗೆಗೆ ಕೊಡುವ ಯಜಮಾನರು ಕೊಳವೆ ನಿಂತ ಕೂಡಲೆ ಕೆಲಸ ಮುಗಿಯಿತೆಂದು ಹಣವನ್ನು ತೆತ್ತುಬಿಡುವುದು ವಾಡಿಕೆ. ಇದನ್ನು ಬಿಡಬೇಕು. ಕೂಲಿಯಲ್ಲಿ ಒಂದು ಪಾಲನ್ನು ತಡೆದಿಟ್ಟು, ಒಲೆಯು ಒಣಗಿದ ಮೇಲೆ ಕೆಲಸಗಾರನನ್ನು ಕರೆಯಿಸಿ, ಅವನೆದುರಿಗೇ ಮನೆಯ ಹೆಂಗಸರಿಂದ ಒಂದು ಹೊತ್ತಿನ ಅಡಿಗೆಯನ್ನು ಮಾಡಿಸತಕ್ಕದ್ದು. ಸೌದೆಯನ್ನು ಮೊದಲು ತೂಗಿಟ್ಟು, ತಗಡನ್ನು ತೆರೆದೇ ಇಟ್ಟಾಗ ಒಂದು ದಿನ, ಹದಕ್ಕೆ ಸರಿಸಿ ಮತ್ತೊಂದು ದಿನ ಅದೇ ಅಡಿಗೆಯನ್ನು ಮಾಡಿ ಉಳಿದುದನ್ನು ತೂಗಿದರೆ ತಗಡಿನ ಬೆಲೆಯು ಎಲ್ಲರಿಗೂ ಗೊತ್ತಾಗುವುದು. ತಗಡು ಸರಿಯುವುದು ಬಿಗಿಯಾಗಿದೆ, ಕಂಠ ಸಡಿಲವಾಗಿದೆ ಎಂದು ಒಲೆಯ ಮುಂದೆ ಕುಳಿತವರು ಹೇಳಿದುದನ್ನು ಅಂದೇ ಸರಿಪಡಿಸಿ, ಆ ಬಳಿಕ ಬಾಕಿಯನ್ನು ಕೊಡಬಹುದು.