ರೋಗಿಯ ಮಾತಿಗೂ ಬೆಲೆಯಿರಲಿ

ಪುಣೆ ಮಹಾನಗರದಲ್ಲಿ ಕನ್ನಡಿಗರ ಸಂಘ-ಸಂಸ್ಥೆಗಳು ಉಚಿತ ಆರೋಗ್ಯ ತಪಾಸಣಾ ಶಿಬಿರಗಳನ್ನು ಹಮ್ಮಿಕೊಳ್ಳುತ್ತಿರುವುದು ಶ್ಲಾಘನೀಯ. ಆದರೆ ಬಿ.ಪಿ., ಶುಗರ್ ನೋಡಿಸಿಕೊಂಡು ಚೀಟಿ ಹಿಡಿದು ಮನೆಗೆ ಹೋಗುವ ಸದಸ್ಯರಿಗೆ, ನಾಳೆ ವೈದ್ಯರೆದುರು ಕುಳಿತಾಗ ಏನು ಹೇಳಬೇಕು, ಏನು ಕೇಳಬೇಕು ಎಂಬುದನ್ನು ತಿಳಿಸಿಕೊಡುವವರು ಕಡಿಮೆ.

ದುಡಿಮೆಗಾಗಿ ಇಲ್ಲಿ ನೆಲೆಸಿದವರ ಹೆತ್ತವರು ಚಿಕಿತ್ಸೆಗೆಂದು ಊರಿನಿಂದ ಬರುತ್ತಾರೆ. ವೈದ್ಯರ ಮಾತು ಮರಾಠಿ ಇಲ್ಲವೇ ಹಿಂದಿ. ಹಿರಿಯರಿಗೆ ಬರುವುದು ಕನ್ನಡ ಅಥವಾ ತುಳು. ನೋವು ತಾಯಿಯದಾದರೂ ಉತ್ತರ ಕೊಡುವವನು ಮಗ. ಮಾತ್ರೆ ತಿಂದರೆ ತಲೆ ತಿರುಗುತ್ತದೆ ಎಂಬ ಮುಖ್ಯ ಸಂಗತಿ ಹೊರಬೀಳುವುದು ರಿಕ್ಷಾ ಹತ್ತಿದ ಮೇಲೆ! ಚೆಕ್ಕಿಗೆ ಸಹಿ ಹಾಕುವಾಗ ಮೊತ್ತವನ್ನು ಎರಡೆರಡು ಸಲ ನೋಡುವವರೇ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಓದದೆ ಸಹಿ ಹಾಕುತ್ತಾರೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ತಪಾಸಣೆಗೆಂದು ಅರಿವಳಿಕೆ ಕೊಡಲಾಗಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನು ಅವರ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿತು. ಪ್ರಾಣಾಪಾಯವಿಲ್ಲದಿದ್ದಾಗ ವಯಸ್ಕ ರೋಗಿಯ ಪರವಾಗಿ ಹೆತ್ತ ತಾಯಿಯೂ ಒಪ್ಪಿಗೆ ಕೊಡುವಂತಿಲ್ಲ ಎಂದಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ಸನ್ನದಿನಲ್ಲಿ ರೋಗಿಯ 17 ಹಕ್ಕುಗಳಿವೆ. ತಿಳಿಯುವ ಭಾಷೆಯಲ್ಲಿ ಮಾಹಿತಿ ಪಡೆಯುವುದು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಅವುಗಳಲ್ಲಿ ಸೇರಿವೆ. ಮಹಾರಾಷ್ಟ್ರದಲ್ಲಿ 2021ರ ತಿದ್ದುಪಡಿ ನಿಯಮಗಳ ಪ್ರಕಾರ ಖಾಸಗಿ ಆಸ್ಪತ್ರೆಗಳು ರೋಗಿಗಳ ಹಕ್ಕುಗಳನ್ನೂ ದರಪಟ್ಟಿಯನ್ನೂ ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು.

ಹಕ್ಕು ಎಂದರೆ ವೈದ್ಯರೊಡನೆ ಜಗಳವಲ್ಲ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಅವರಿಗೂ ಸಮಯ ಕಡಿಮೆ. ಆದ್ದರಿಂದ ರೋಗಿಯೇ ಸಿದ್ಧನಾಗಿ ಹೋಗುವುದು ಲೇಸು. ಹಳೆಯ ರಿಪೋರ್ಟುಗಳ ಫೈಲು, ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹೆಸರು (ನಾಟಿ ಔಷಧವನ್ನೂ ಬಚ್ಚಿಡದೆ), ಕೇಳಬೇಕಾದ ಮೂರು ಪ್ರಶ್ನೆಗಳು ಕೈಯಲ್ಲಿರಲಿ. ರೋಗವೇನು? ಈ ಚಿಕಿತ್ಸೆ ಯಾಕೆ? ಬೇರೆ ದಾರಿ ಇದೆಯೇ? ವೈದ್ಯರು ಹೇಳಿದ್ದನ್ನು ಒಮ್ಮೆ ಅವರೆದುರೇ ತಿರುಗಿ ಹೇಳಿದರೆ ತಪ್ಪು ತಿಳಿವಳಿಕೆ ಅಲ್ಲೇ ಸರಿಯಾಗುತ್ತದೆ. ಜೊತೆಗೆ ಹೋದ ಮಗ, ಸೊಸೆ ರೋಗಿಯ ಮಾತನ್ನು ಅನುವಾದಿಸಲಿ, ತಾವೇ ಉತ್ತರಿಸುವುದು ಬೇಡ.

ಸಂಘಗಳು ಮುಂದಿನ ಶಿಬಿರದಲ್ಲಿ ಇನ್ನೊಂದು ಮೇಜು ಹಾಕಲಿ. ಅಲ್ಲಿ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ವಿವರಿಸಲಿ, ಔಷಧ ಪಟ್ಟಿ ಬರೆದುಕೊಡಲಿ. ಮರಾಠಿ ಬಲ್ಲ ಯುವ ಸದಸ್ಯರು ತಿಂಗಳಿಗೊಂದು ದಿನ ಹಿರಿಯರೊಡನೆ ಆಸ್ಪತ್ರೆಗೆ ಹೋಗಿ ದುಭಾಷಿಗಳಾಗಲಿ. ಇದಕ್ಕೆ ದೊಡ್ಡ ನಿಧಿ ಬೇಡ, ಮನಸ್ಸಿದ್ದರೆ ಸಾಕು.