ಮೆಟ್ಟಿಲಿರಲಿ, ತೊಟ್ಟಿಲು ಬೇಡ

ಗಾಡಿ ಓಡಿಸಿ ಹೊಟ್ಟೆ ಹೊರೆಯುವವನೇ ಬೆಟ್ಟದ ತುದಿಗೆ ಗಾಡಿ ಬೇಡ ಎಂದರೆ ಗಂಗಾವತಿ ಸ್ಟ್ಯಾಂಡಿನಲ್ಲಿ ನಗುತ್ತಾರೆ. ನಗಲಿ. ಅಂಜನಾದ್ರಿಗೆ ರೋಪ್‌ವೇ ಬೇಕು ಎಂಬ ಮಾತು ಮತ್ತೆ ಮತ್ತೆ ಏಳುತ್ತಿದೆ. ಹಲವು ರಾಜ್ಯಗಳ ನೆತ್ತಿ ನೋಡಿ ಬಂದ ನನ್ನದೂ ಒಂದು ಮಾತಿರಲಿ.

ನನ್ನೂರು ಹೇಮಗುಡ್ಡ. ಒಂದು ಕ್ರೂಸರ್ ಇದೆ. ಭತ್ತ ಮಾರಿ ಕೈಯಲ್ಲಿ ದುಡ್ಡು ಓಡಾಡುವ ಹೊತ್ತಿಗೆ ನಮ್ಮ ಕಡೆಯ ಜನ ಟೂರ್ ಹೊರಡುತ್ತಾರೆ. ಮೊದಲೆಲ್ಲ ಧರ್ಮಸ್ಥಳ, ಶಿರಡಿ, ತಿರುಪತಿ. ಈಗ ಕಾಲೇಜು ಹುಡುಗರು, ಬೆಂಗಳೂರಿನಲ್ಲಿ ಸಂಬಳ ಎಣಿಸುವ ಅಳಿಯಂದಿರು ಬೇರೆಯೇ ಪಟ್ಟಿ ಹಿಡಿದು ಬರುತ್ತಾರೆ. ಒಂದೊಂದು ರಾಜ್ಯದ ಅತಿ ಎತ್ತರದ ಜಾಗ ಮುಟ್ಟಬೇಕು: ಕರ್ನಾಟಕಕ್ಕೆ ಮುಳ್ಳಯ್ಯನಗಿರಿ, ತಮಿಳುನಾಡಿಗೆ ದೊಡ್ಡಬೆಟ್ಟ, ಮಹಾರಾಷ್ಟ್ರಕ್ಕೆ ಕಳಸೂಬಾಯಿ. ಬೋರ್ಡಿನ ಪಕ್ಕ ನಿಂತು ಫೋಟೊ ಹೊಡೆಸಿಕೊಂಡರೆ ಒಂದು ರಾಜ್ಯ ಮುಗಿಯಿತು. ಕೇರಳ ಮಾತ್ರ ಬಾಕಿ ಉಳಿಯುತ್ತದೆ. 2,695 ಮೀಟರಿನ ಆನೆಮುಡಿ ಎರವಿಕುಲಂ ರಾಷ್ಟ್ರೀಯ ಉದ್ಯಾನದೊಳಗಿದೆ, ಪ್ರವಾಸಿಗರನ್ನು ತುದಿಗೆ ಬಿಡುವುದಿಲ್ಲ. ಹುಡುಗರಿಗೆ ಇದರ ಮೇಲೆ ಸಿಟ್ಟು. ನನಗಿಲ್ಲ.

ಈ ‘ರಾಜ್ಯದ ಎತ್ತರ’ ಅನ್ನುವುದೂ ಗಡಿಗೆರೆಯ ಆಟವೇ. ಧಾರವಾಡದ ನಿವೃತ್ತ ಮಾಸ್ತರರೊಬ್ಬರು ಗಾಡಿಯಲ್ಲಿ ಕೂತು ಹುಡುಗರಿಗೆ ಪ್ರಶ್ನೆ ಹಾಕಿದರು: 1955ರಲ್ಲಿ ಧಾರವಾಡದವನ ರಾಜ್ಯಕ್ಕೆ ಅತಿ ಎತ್ತರದ ಶಿಖರ ಯಾವುದು? ಮೊಬೈಲ್ ಹಿಡಿದವರೂ ತಡಬಡಿಸಿದರು. ಉತ್ತರ, ಅಬು ಬೆಟ್ಟದ ಗುರುಶಿಖರ, 1,722 ಮೀಟರ್! ಧಾರವಾಡ ಆಗ ಮುಂಬೈ ರಾಜ್ಯದಲ್ಲಿತ್ತು, ಅಬು ಕೂಡ ಅದರಲ್ಲೇ ಇತ್ತು. ಅದು ರಾಜಸ್ಥಾನದ ಪಾಲಾದದ್ದು 1956ರಲ್ಲಿ. ನಮ್ಮ ಹೊಳೆಯಾಚೆಯ ಹೊಸಪೇಟೆ 1953ರವರೆಗೆ ಮದ್ರಾಸಿನದು, ಅವರಿಗೆ ದೊಡ್ಡಬೆಟ್ಟ. ಹೊಳೆಯ ಈಚೆಗಿನ ನಾವು ಹೈದರಾಬಾದಿನವರು. ಮುಳ್ಳಯ್ಯನಗಿರಿ ನಮ್ಮದಾಗಿದ್ದು 1956ರ ನವೆಂಬರ್ 1ಕ್ಕೆ. ಹುಡುಗರು ಸ್ವಲ್ಪ ಹೊತ್ತು ತೆಪ್ಪಗಿದ್ದರು, ಆಮೇಲೆ ಹಾಡು ಹಾಕು ಅಂದರು.

ದೊಡ್ಡಬೆಟ್ಟದ ಕಥೆ ಕೇಳಿ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚುವ ಮೊದಲು ದಾಟಬೇಕು, ನೀಲಗಿರಿಗೆ ಇ-ಪಾಸ್ ಮಾಡಿಸಿರಬೇಕು, ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನು ಫಸ್ಟು-ಸೆಕೆಂಡ್ ಗೇರಿನಲ್ಲೇ ಏರಬೇಕು. ಇಷ್ಟೆಲ್ಲ ಬೆವರಿದ್ದು ನಾನು ಮತ್ತು ಗಾಡಿ. ಒಳಗೆ ಕೂತವರು ಹತ್ತಿದ್ದು ಪಾರ್ಕಿಂಗಿನಿಂದ ದುರ್ಬೀನಿನ ಮನೆಯವರೆಗೆ. 2,637 ಮೀಟರ್ ಎತ್ತರದಲ್ಲಿ ಅರ್ಧ ತಾಸು, ಒಂದು ಬಿಸಿ ಜೋಳದ ತೆನೆ, ವಾಪಸ್. ಮುಳ್ಳಯ್ಯನಗಿರಿಯಲ್ಲಿ ರಸ್ತೆ ತುದಿಯ ಹತ್ತಿರದವರೆಗೆ ಹೋಗಿ ಉಳಿದದ್ದನ್ನು ಮೆಟ್ಟಿಲಿಗೆ ಬಿಡುತ್ತದೆ. ಆ ಕಿರಿದಾದ ದಾರಿಯಲ್ಲಿ ಭಾನುವಾರ ಏರುವ ಸಾಲೂ ಇಳಿಯುವ ಸಾಲೂ ಎದುರಾದಾಗ ಮೂಗಿಗೆ ಬಡಿಯುವುದು ಕಾಫಿ ಹೂವಿನ ಪರಿಮಳವಲ್ಲ, ಕ್ಲಚ್ ಪ್ಲೇಟ್ ಸುಟ್ಟ ವಾಸನೆ. 2025ರಲ್ಲಿ ಜಿಲ್ಲಾಡಳಿತ ಆನ್‌ಲೈನ್ ನೋಂದಣಿ ತಂದು ಗಾಡಿಗಳಿಗೆ ಮಿತಿ ಹಾಕಿತು. ನಮ್ಮಂಥವರಿಗೆ ಬಾಡಿಗೆ ತಪ್ಪಿದರೂ ಸರಿಯಾದ ಕೆಲಸವೇ.

ಕಳಸೂಬಾಯಿಗೆ ರಸ್ತೆಯಿಲ್ಲ. ಬಾರಿ ಎಂಬ ಹಳ್ಳಿಯಲ್ಲಿ ಗಾಡಿ ನಿಲ್ಲಿಸಿ, 1,646 ಮೀಟರಿನ ತುದಿಯ ದೇವಿಯ ಗುಡಿಯವರೆಗೆ ನಡೆದೇ ಹೋಗಬೇಕು. ಕಡಿದಾದ ಕಡೆ ಕಬ್ಬಿಣದ ಏಣಿ. ನಸುಕಿನಲ್ಲಿ ಅದರ ಕಂಬಿ ಹಿಡಿದರೆ ಅಂಗೈ ಜುಮ್ಮೆನ್ನುತ್ತದೆ. ನಮ್ಮ ಹುಡುಗರು ಏದುಸಿರು ಬಿಡುತ್ತ ನಿಂತಿದ್ದಾಗ, ವಯಸ್ಸಾದ ಹೆಂಗಸೊಬ್ಬಳು ತಲೆಯ ಮೇಲೆ ಮಜ್ಜಿಗೆ ಕೊಡ ಹೊತ್ತು ಬರಿಗಾಲಲ್ಲಿ ಅವರನ್ನು ದಾಟಿಹೋದಳು. ಮೇಲೆ ಹೋಗಿ ಅವರಿಗೇ ಮಾರಿದಳು. ರಾತ್ರಿ ಊರಿನವರ ಮನೆಯಲ್ಲೇ ಪಿಠಲ-ಭಾಕರಿ ಉಂಡು ಪಡಸಾಲೆಯಲ್ಲಿ ಮಲಗಿದ್ದೆವು. ಲೆಕ್ಕ ಹಾಕಿ ನೋಡಿ, ದೊಡ್ಡಬೆಟ್ಟದಲ್ಲಿ ನಮ್ಮ ದುಡ್ಡು ಹೆಚ್ಚಾಗಿ ಗೇಟಿಗೆ, ಪಾರ್ಕಿಂಗಿಗೆ ಹೋಯಿತು. ಬಾರಿಯಲ್ಲಿ ಮನೆಮನೆಗೆ ಹೋಯಿತು.

ಗುಜರಾತಿನ ಅತಿ ಎತ್ತರದ ಜಾಗ ಗಿರ್ನಾರಿನ ಗೋರಖನಾಥ ಶಿಖರ, 1,117 ಮೀಟರ್. ಸೋಮನಾಥ, ದ್ವಾರಕೆಗೆ ಹೊರಟವರ ಜೊತೆ ಅಲ್ಲಿಗೂ ಹೋದೆ. 2020ರ ಅಕ್ಟೋಬರಿನಲ್ಲಿ ಅಂಬಾಜಿ ಗುಡಿಯವರೆಗೆ ರೋಪ್‌ವೇ ಶುರುವಾಗಿದೆ. ತೊಟ್ಟಿಲಲ್ಲಿ ಕೂತರೆ ಹತ್ತು ನಿಮಿಷ ಕೂಡ ಹಿಡಿಯುವುದಿಲ್ಲ. ಮುದುಕಿಯರು ಅಂಬಾಜಿಯ ಎದುರು ನಿಂತು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ, ಅದನ್ನು ಹಗುರ ಮಾಡುವುದಿಲ್ಲ. ಆದರೆ ಕೆಳಗೆ ಬೇರೆಯೇ ನೋಟ. ಅಲ್ಲಿ ಡೋಲಿ ಹೊರುವವರು ಕೂರುವವರನ್ನು ತಕ್ಕಡಿಯಲ್ಲಿ ತೂಗಿ, ತೂಕಕ್ಕೆ ತಕ್ಕಂತೆ ಬಾಡಿಗೆ ಹೇಳುವ ರೂಢಿ. ನಾವು ಹೋದಾಗ ಡೋಲಿಗಳು ಗೋಡೆಗೆ ಒರಗಿದ್ದವು. ಮೆಟ್ಟಿಲ ಬದಿಯ ಅಂಗಡಿಯವನು ತಲೆಯ ಮೇಲೆ ಸಾಗುವ ತೊಟ್ಟಿಲುಗಳನ್ನು ನೋಡುತ್ತ ಕೂತಿದ್ದ. ಅಂಬಾಜಿಯಿಂದ ಮುಂದೆ ಗೋರಖನಾಥಕ್ಕೆ ಮತ್ತೆ ಮೆಟ್ಟಿಲೇ. ನಮ್ಮ ತಂಡದಲ್ಲಿ ಹೆಚ್ಚಿನವರು ಅಲ್ಲಿಂದಲೇ ಕೈಮುಗಿದು ತಿರುಗಿದರು.

ಅಂಜನಾದ್ರಿಗೆ ಇರುವುದು 575 ಮೆಟ್ಟಿಲು. ಗಿರ್ನಾರಿನ ಸಾವಿರಾರು ಮೆಟ್ಟಿಲಿನ ಮುಂದೆ ಇದು ಯಾವ ಲೆಕ್ಕ? ಹನುಮಮಾಲೆ ಹಾಕಿದವರು ಡಿಸೆಂಬರಿನಲ್ಲಿ ಬರಿಗಾಲಲ್ಲೇ ಹತ್ತುತ್ತಾರೆ. ನಡುನಡುವೆ ನಿಂತು ದಣಿವಾರಿಸಿಕೊಳ್ಳುವುದರಿಂದಲೇ ಕಣ್ಣಿಗೆ ತುಂಗಭದ್ರೆ, ಬಾಳೆತೋಟ, ಭತ್ತದ ಗದ್ದೆ, ಆಚೆ ಹಂಪಿ ಬೀಳುವುದು; ಸೋಡಾ, ಕಾಯಿ, ಮಂಡಕ್ಕಿ ಮಾರುವವರ ಒಲೆ ಉರಿಯುವುದು. (ನಮ್ಮೂರಿನ ಕಂಪಿಲರಾಯನ ಕಾಲದ ಕೋಟೆಗೆ ರೋಪ್‌ವೇ ಹಾಕಿ ಎಂದು ಯಾರೂ ಕೇಳುವುದಿಲ್ಲ. ಮುಳ್ಳುಕಂಟಿ ಕಡಿಸಿ ಎಂದಾದರೂ ಕೇಳಬಹುದಿತ್ತು.)

ಹತ್ತಲಾರದವರು ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯದ್ದೇ. ಸುತ್ತಲಿನ ಹಳ್ಳಿಗಳ ಗಟ್ಟಿ ಹುಡುಗರಿಗೆ ತರಬೇತಿ, ವಿಮೆ, ನಿಗದಿತ ದರ ಕೊಟ್ಟು ಡೋಲಿ ಶುರು ಮಾಡಿ. ಎಪ್ರಿಲ್‌ನಲ್ಲಿ ಬಂಡೆ ಕಾದು ಅಂಗಾಲು ಸುಡುವ ಕಡೆಯೆಲ್ಲ ನೆರಳು ಹಾಕಿ, ಕುಡಿಯುವ ನೀರಿಡಿ, ಹೆಂಗಸರಿಗೆ ಶೌಚಾಲಯ ಕಟ್ಟಿ. ಗಾಡಿಗಳನ್ನು ಬೆಟ್ಟದ ಬುಡದಿಂದ ದೂರ ನಿಲ್ಲಿಸಿ, ನನ್ನ ಕ್ರೂಸರನ್ನೂ ಸೇರಿಸಿ. ಇಷ್ಟೆಲ್ಲ ಆದ ಮೇಲೂ ರೋಪ್‌ವೇ ಬೇಕೇ ಬೇಕು ಎಂದರೆ, ಟೆಂಡರ್ ಕರೆಯುವ ಮುಂಚೆ ಮೆಟ್ಟಿಲ ಮೇಲೆ ಬುಟ್ಟಿಯಿಟ್ಟು ಕೂರುವವರನ್ನು ಕರೆದು ಒಮ್ಮೆ ಸಭೆ ಮಾಡಿ.