ಮೈಮೇಲಿನ ಲೋಹವೂ ಬರಗಾಲಕ್ಕೆ ಬಾಳಬೇಕು

ಬಿತ್ತನೆ ಬೀಜ ತರುವಾಗ ನಾವು ಹತ್ತು ಜನರನ್ನ ಕೇಳುತ್ತೇವೆ. ಗುದ್ದಲಿ ಕೊಳ್ಳುವಾಗ ಬಡಿದು ಸದ್ದು ಕೇಳಿ ಕೊಳ್ಳುತ್ತೇವೆ. ಆದರೆ ಅದಕ್ಕಿಂತ ನೂರು ಪಾಲು ದುಡ್ಡು ಸುರಿದು ಒಡವೆ ತರುವಾಗ ಮಾತ್ರ ಹೊಳಪು ನೋಡಿ, ಡಿಸೈನು ನೋಡಿ ಎದ್ದು ಬರುತ್ತೇವೆ. ಇದು ಸರಿಯಲ್ಲ ಅನ್ನೋದು ನನ್ನ ವಾದ. ದುಡಿಯೋ ಮೈಮೇಲೆ ದಿನವೂ ಇರುವ ಒಡವೆ ಮೂರು ಪರೀಕ್ಷೆ ಪಾಸಾಗಬೇಕು. ನೀರಿಗೆ ತಡೀಬೇಕು, ಉಜ್ಜಾಟಕ್ಕೆ ತಡೀಬೇಕು, ಮಳೆ ಕೈಕೊಟ್ಟ ವರ್ಷ ಅಡವಿಟ್ಟರೆ ನಾಲ್ಕು ಕಾಸು ಹುಟ್ಟಬೇಕು.

ನಮ್ಮ ಯಲ್ಲದಕೆರೆ ಕಡೆ ಹೆಣ್ಣುಮಕ್ಕಳ ಕೈಗೆ ಬಿಡುವು ಅನ್ನೋದಿಲ್ಲ. ಬೆಳಗಾದರೆ ಸಗಣಿ ಬಾಚೋದು, ಗಡಸು ಬೋರ್ ನೀರಲ್ಲಿ ಪಾತ್ರೆ ಬಟ್ಟೆ, ಆಮೇಲೆ ರಾಗಿ ಹೊಲದಲ್ಲಿ ಕಳೆ, ಈರುಳ್ಳಿ ಕೊಯ್ಲು, ಕಡ್ಲೆಕಾಯಿ ಬಿಡಿಸೋದು. ಬೆವರು ಅಂದ್ರೆ ಉಪ್ಪುನೀರೇ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯೋದು ಈ ಉಪ್ಪು, ಸೋಪು, ಮಣ್ಣಿನ ಮುಂದೆ ಎಷ್ಟು ದಿನ ನಿಂತೀತು?

ಲೋಹದ ಗುಣ

ದಾಳಿಂಬೆ, ಅಡಿಕೆ ಇರುವವರಿಗೆ ಬೋರ್ಡೋ ದ್ರಾವಣದ ಪರೀಕ್ಷೆ ಗೊತ್ತು. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ಮೈಲುತುತ್ತದೊಳಗಿನ ತಾಮ್ರವೇ. ಕಬ್ಬಿಣ ಕರಗಿ ನೀರಿಗಿಳಿಯುತ್ತದೆ, ತಾಮ್ರ ಹೊರಬಂದು ಅದರ ಮೇಲೆ ಕೂರುತ್ತದೆ. ಲೋಹಗಳಲ್ಲಿ ಮೇಲು ಕೆಳಗು ಇರೋದು ಹೀಗೆ. ಕಬ್ಬಿಣ ಬೇಗ ಸೋಲುತ್ತದೆ, ತಾಮ್ರ ಅದಕ್ಕಿಂತ ತಡೆಯುತ್ತದೆ, ಬೆಳ್ಳಿ ಇನ್ನೂ ಹೆಚ್ಚು, ಬಂಗಾರ ಎಲ್ಲಕ್ಕೂ ಮೇಲೆ.

ಬಂಗಾರಕ್ಕೆ ನೀರು, ಬೆವರು, ಸೋಪು ಏನೂ ಮಾಡಲ್ಲ. ಆದರೆ ಅಪ್ಪಟ ಬಂಗಾರ ಮೆತ್ತಗೆ, ಬಾಗುತ್ತದೆ, ಸವೆಯುತ್ತದೆ. ಅದಕ್ಕೇ ತಾಮ್ರ, ಬೆಳ್ಳಿ ಬೆರೆಸುತ್ತಾರೆ. 22 ಕ್ಯಾರೆಟ್ ಅಂದ್ರೆ ಸಾವಿರಕ್ಕೆ 916 ಪಾಲು ಬಂಗಾರ, 18 ಕ್ಯಾರೆಟ್ ಅಂದ್ರೆ 750. ಬೆರಕೆ ಹೆಚ್ಚಾದಷ್ಟೂ ಗಟ್ಟಿ, ಆದರೆ ಬೆವರಿಗೆ ಮಂಕಾಗೋದೂ ಹೆಚ್ಚು. 2025ರಲ್ಲಿ ಹತ್ತು ಗ್ರಾಂ ಬಂಗಾರ ಲಕ್ಷ ರೂಪಾಯಿ ದಾಟಿತು. ಅದೇ ವರ್ಷ 9 ಕ್ಯಾರೆಟ್ಟಿಗೂ ಹಾಲ್‌ಮಾರ್ಕ್ ಕೊಡಲು ಶುರು ಮಾಡಿದರು. ಅದರಲ್ಲಿ ಸಾವಿರಕ್ಕೆ 375 ಪಾಲು ಮಾತ್ರ ಬಂಗಾರ. ಎಂಟು ಗ್ರಾಂ ಒಡವೆ ತಗೊಂಡರೆ 22 ಕ್ಯಾರೆಟ್ಟಿನಲ್ಲಿ ಏಳೂಕಾಲು ಗ್ರಾಂ ಚಿಲ್ಲರೆ ಬಂಗಾರ, 18ರಲ್ಲಿ ಆರು, 9ರಲ್ಲಿ ಮೂರೇ ಗ್ರಾಂ. ಪೇಟೆಯಲ್ಲಿ ಕೂತು ಕೆಲಸ ಮಾಡೋರಿಗೆ ಅದು ಆದೀತು. ನಮ್ಮ ಮನೆಗಳಿಗೆ ತಾಳಿ, ವಾಲೆ ಚಿಕ್ಕದಾದರೂ 22 ಕ್ಯಾರೆಟ್ಟಿನ ಗಟ್ಟಿ ಪದಾರ್ಥವೇ ಇರಲಿ ಅಂತೀನಿ. ದಿನ ಹಾಕೋದಕ್ಕೆ ಪೊಳ್ಳು ಗುಂಡು, ಕಲ್ಲು ಕೂರಿಸಿದ್ದು ಬೇಡ. ಪೊಳ್ಳು ಅದುಮಿದರೆ ತಗ್ಗಾಗುತ್ತದೆ, ಕಲ್ಲಿನ ಸಂದಿಯಲ್ಲಿ ಮಣ್ಣು ಸೋಪು ಸೇರಿ ಕಲ್ಲು ಉದುರುತ್ತದೆ.

ಬೆಳ್ಳಿಗೆ ಬರೀ ನೀರಿನ ಭಯ ಇಲ್ಲ. ಅದರ ವೈರಿ ಗಂಧಕ. ಗಂಧಕದ ಪುಡಿ ಸಿಂಪಡಿಸಿದ ದಿನ ಕೈಯ ಬೆಳ್ಳಿ ಕಡಗ ಕಪ್ಪಾಗೋದು ಇದರಿಂದಲೇ. ಈರುಳ್ಳಿಯ ಘಾಟಿನಲ್ಲೂ ಗಂಧಕದ ಅಂಶ ಇದೆ. ಕಪ್ಪಾಯಿತು ಅಂತ ಬೂದಿ, ಮರಳು ಹಾಕಿ ತಿಕ್ಕಬೇಡಿ, ಪ್ರತಿ ಸಲ ಒಂದಿಷ್ಟು ಬೆಳ್ಳಿ ಸವೆದು ಹೋಗುತ್ತದೆ. ಅಡುಗೆಗೆ ಬಳಸದ ಹಳೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿನೀರು, ಎರಡು ಚಮಚ ಅಡುಗೆ ಸೋಡ ಹಾಕಿ, ಒಡವೆ ಪಾತ್ರೆಯ ತಳಕ್ಕೆ ತಾಗುವಂತೆ ಸ್ವಲ್ಪ ಹೊತ್ತು ಬಿಡಿ. ಕಪ್ಪಿನೊಳಗಿನ ಗಂಧಕವನ್ನು ಅಲ್ಯೂಮಿನಿಯಂ ಎಳಕೊಳ್ಳುತ್ತದೆ, ಬೆಳ್ಳಿ ಉಳಿಯುತ್ತದೆ. ಕಾಲುಂಗುರ ನೆಲಕ್ಕೆ ತಿಕ್ಕಿ ಸವೆಯೋದರಿಂದ ದಪ್ಪನಾದ್ದೇ ಬೇಕು. ಕಾಲುಚೈನಿನಲ್ಲಿ ಮೊದಲು ಬಿಡೋದು ಬೆಸುಗೆ. ಕೊಳ್ಳುವಾಗ ಅಲ್ಲೇ ಎಳೆದು ನೋಡಿ. ಸಂಪಿಗೆ, ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕುವಾಗ ಬೆಳ್ಳಿ ಬಂಗಾರ ಎರಡನ್ನೂ ಬಿಚ್ಚಿಡಿ. ಅದರಲ್ಲಿರೋ ಕ್ಲೋರಿನ್ ಬೆರಕೆ ಲೋಹಕ್ಕೆ, ಬೆಸುಗೆಗೆ ಕೇಡು.

ಒನ್ ಗ್ರಾಂ ಗೋಲ್ಡ್ ಅನ್ನೋದು

ಜಾತ್ರೆ, ಸಂತೆ ಎಲ್ಲೆಲ್ಲೂ ಈಗ ಇದೇ. ಒಳಗೆ ತಾಮ್ರ ಇಲ್ಲವೇ ಹಿತ್ತಾಳೆ, ಮೇಲೆ ಬಂಗಾರದ ತೆಳು ಲೇಪ. ಮದುವೆಗೆ ಒಂದು ದಿನ ಹಾಕಿ ತೆಗೆದಿಟ್ಟರೆ ನನ್ನ ತಕರಾರಿಲ್ಲ. ದಿನವೂ ಹಾಕಿದರೆ ಲೇಪ ಸವೆದು ಹಿತ್ತಾಳೆ ಹೊರಬಿದ್ದು ಕುತ್ತಿಗೆ ಹಸಿರಾಗುತ್ತದೆ. ಆ ಹಸಿರು ತೊಳೆದರೆ ಹೋಗುತ್ತದೆ. ಆದರೆ ಅಗ್ಗದ ಒಡವೆಯಲ್ಲಿ ನಿಕಲ್ ಇದ್ದರೆ ಕೆಲವರಿಗೆ ತುರಿಕೆ, ಗುಳ್ಳೆ ಏಳುತ್ತದೆ. ಯುರೋಪಿನವರು ನಿಕಲ್ಲಿಗೆ ಮಿತಿ ಹಾಕಿ 1994ರಲ್ಲೇ ಕಾನೂನು ಮಾಡಿದ್ದಾರೆ. ಒಂದು ಸವೆದರೆ ಇನ್ನೊಂದು ಅಂತ ವರ್ಷವರ್ಷ ತರುತ್ತಾ ಹೋದರೆ ಕೊನೆಗೆ ಕೈಯಲ್ಲಿ ಉಳಿಯೋದು ಗುಜರಿ. ಅದರ ಬದಲು ದಿನದ ಬಳಕೆಗೆ ಒಳ್ಳೆ ಸ್ಟೀಲಿನ ಬಳೆ, ಕಡಗ ವಾಸಿ. 316 ಅನ್ನೋ ಜಾತಿಯ ಸ್ಟೀಲು ಉಪ್ಪುನೀರಿಗೂ ಚೆನ್ನಾಗಿ ತಡೆಯುತ್ತದೆ. ಮಾರಿದರೆ ಬೆಲೆ ಇಲ್ಲ, ನಿಜ. ಆದರೆ ಅದು ಬಂಗಾರದ ಹೆಸರು ಹೇಳಿ ದುಡ್ಡು ಕೀಳಲ್ಲ.

ಗುರುತು ನೋಡಿ ಕೊಳ್ಳಿ

"ಕೆಡಿಎಂ ಮಾಲು, ಕಣ್ಣುಮುಚ್ಚಿ ತಗೊಳ್ಳಿ" ಅನ್ನೋರು ಇನ್ನೂ ಇದ್ದಾರೆ. ಕೆಡಿಎಂ ಅನ್ನೋದು ಕ್ಯಾಡ್ಮಿಯಂ ಬೆಸುಗೆಯ ಹೆಸರು, ಶುದ್ಧತೆಯ ಗುರುತಲ್ಲ. ಅದರ ಹೊಗೆ ಕುಡಿದು ಕೆಟ್ಟದ್ದು ಅಕ್ಕಸಾಲಿಗಳ ಆರೋಗ್ಯ. ನೋಡಬೇಕಾದ್ದು ಮೂರು ಗುರುತು: ಬಿಐಎಸ್ ತ್ರಿಕೋನ, 22ಕೆ916 ಅನ್ನೋ ಅಂಕಿ, ಮತ್ತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ. 2021ರ ಜೂನ್‌ನಿಂದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಯಿತು, 2023ರ ಏಪ್ರಿಲ್‌ನಿಂದ ಈ ಆರಂಕಿಯೂ ಬೇಕು. ಮಕ್ಕಳ ಮೊಬೈಲಿನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಸಿ ಸಂಖ್ಯೆ ಒತ್ತಿದರೆ ಒಡವೆಯ ವಿವರ ಬರುತ್ತದೆ. ಎರಡು ಗ್ರಾಮಿಗಿಂತ ಕಡಿಮೆ ತೂಕದ್ದಕ್ಕೆ ಈ ಕಡ್ಡಾಯ ಇಲ್ಲ. ನಮ್ಮವರು ಕೊಳ್ಳೋ ಮೂಗುಬೊಟ್ಟು, ತಾಳಿ ಗುಂಡು ಬಹಳಷ್ಟು ಇದರೊಳಗೇ ಬರುತ್ತವೆ. ಆದ್ದರಿಂದ ಕ್ಯಾರೆಟ್, ತೂಕ, ಮಜೂರಿ ಬೇರೆಬೇರೆ ಬರೆದ ರಸೀದಿ ಇಲ್ಲದೆ ಅಂಗಡಿ ಬಿಡಬೇಡಿ. ಹಾಲ್‌ಮಾರ್ಕ್ ಒಡವೆಯಲ್ಲಿ ಶುದ್ಧತೆ ಕಡಿಮೆ ಬಂದರೆ ಆ ವ್ಯತ್ಯಾಸದ ಎರಡು ಪಟ್ಟು ಹಣ, ಪರೀಕ್ಷೆ ಖರ್ಚು ಕೊಡಬೇಕು ಅಂತ ನಿಯಮ ಇದೆ. ರಸೀದಿ ಇಲ್ಲದವನಿಗೆ ಯಾವ ನಿಯಮವೂ ಇಲ್ಲ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಆ ವರ್ಷ ಒಡವೆ ಗಂಟು ಹಿಡಿದು ಸಾಲಕ್ಕೆ ನಿಂತವರಲ್ಲಿ ನಾನೂ ಒಬ್ಬ. ನಮ್ಮನೆಯಾಕೆಯ ಹಳೇ ಗಟ್ಟಿ ವಾಲೆಗೆ ತೂಕಕ್ಕೆ ತಕ್ಕ ದುಡ್ಡು ಸಿಕ್ಕಿತು. ಪಕ್ಕದಲ್ಲಿ ನಿಂತಿದ್ದ ಒಬ್ಬ ತಾಯಿಯ ಕಲ್ಲಿನ ಹಾರದಲ್ಲಿ ಕಲ್ಲಿನ ತೂಕ ಕಳೆದರು, ಒನ್ ಗ್ರಾಂ ಸರವನ್ನು ತಕ್ಕಡಿಗೇ ಹಾಕಲಿಲ್ಲ. ಆಕೆ ಬೇಕಾದಷ್ಟು ಸಾಲ ಸಿಗದೆ ಹೊರಗೆ ಬಂದು ಬಡ್ಡಿಯವರ ಮನೆ ದಾರಿ ಹಿಡಿದಳು. ಅವರನ್ನು ದೂರಿ ಫಲವಿಲ್ಲ. ಎಲ್ಲಿ ಅಡವಿಟ್ಟರೂ ಲೋಹದ ಬೆಲೆಗೇ ಸಾಲ, ಹೊಳಪಿಗಲ್ಲ.

ಮೇವು, ಬೀಜ, ಮಕ್ಕಳ ಫೀಸು ಎಲ್ಲ ಕೈಕೊಟ್ಟಾಗ ಸಣ್ಣ ರೈತನ ಮನೆಯ ಕೊನೆಯ ಆಧಾರ ಹೆಣ್ಣುಮಕ್ಕಳ ಮೈಮೇಲಿನ ಒಡವೆ. ಅದಕ್ಕೇ ಒಡವೆ ಕೊಳ್ಳುವ ಮಾತು ಬಂದಾಗ ಗಂಡಸರೇ ತೀರ್ಮಾನ ಮಾಡೋದು ಬೇಡ. ದಿನವಿಡೀ ಅದನ್ನ ಹೊತ್ತು ದುಡಿಯೋರು ಅವರು. ಯಾವುದು ಚುಚ್ಚುತ್ತೆ, ಯಾವುದು ಸಿಕ್ಕಿಕೊಳ್ಳುತ್ತೆ, ಯಾವುದು ಕಪ್ಪಾಗುತ್ತೆ ಅನ್ನೋದು ಅವರಿಗೇ ಗೊತ್ತು. ಅವರನ್ನ ಅಂಗಡಿಗೆ ಕರಕೊಂಡು ಹೋಗಿ. ರಸೀದಿಯೂ ಅವರ ಹೆಸರಿನಲ್ಲೇ ಇರಲಿ.